ವೇದಿಕೆಯ ಆರು ಕುರ್ಚಿಗಳು

ಆರನೆಯ ಕುರ್ಚಿಯ ಮಡಿಕೆ ಬಿಡಿಸಿ ವೇದಿಕೆಯ ಮೇಲಿಡುವಾಗ, ಇದರಲ್ಲಿ ಇವತ್ತು ಕೂರುವವನು ತಾನಲ್ಲ ಎಂಬುದು ಆರ್ಲೋ ನೊವೊಟ್ನಿಗೆ ಹೊಳೆಯಿತು. ಹೊಳೆಯಿತು ಎಂದರೆ ಸರಿಯಾಗುವುದಿಲ್ಲ. ನವೆಂಬರಿನಿಂದ ಅದು ಅವನಿಗೆ ಗೊತ್ತೇ ಇತ್ತು, ಊರಿಗೆಲ್ಲ ಗೊತ್ತಿತ್ತು, ಅವನ ನಾಯಿಗೂ ಗೊತ್ತಿತ್ತು ಎನ್ನಬೇಕು. ಆದರೆ ಗೊತ್ತಿರುವುದು ಬೇರೆ, ಕುರ್ಚಿ ಹಿಡಿದು ನಿಂತಾಗ ಆ ಗೊತ್ತಿರುವುದು ಸೊಂಟಕ್ಕೆ ಇಳಿಯುವುದು ಬೇರೆ. ಶಾಲೆ ಮುಗಿಸುವ ಮಕ್ಕಳ ಪದವಿ ಸಮಾರಂಭದ ಶನಿವಾರ ಬೆಳಿಗ್ಗೆ ಬಂದು ಕುರ್ಚಿ ಹಾಕುವುದು ಹನ್ನೆರಡು ವರ್ಷಗಳಿಂದ ಅವನ ಕೆಲಸ. ಈ ಸಲ ಬಾ ಎಂದು ಯಾರೂ ಕರೆದಿರಲಿಲ್ಲ, ಬರಬೇಡ ಎಂದೂ ಅಂದಿರಲಿಲ್ಲ. ಹೊಲ ಒದ್ದೆಯಾಗಿತ್ತು, ಜೋಳ ಬಿತ್ತುವ ಹಾಗಿರಲಿಲ್ಲ, ಟ್ರಕ್ಕು ತಾನಾಗಿ ಶಾಲೆಯ ಕಡೆ ತಿರುಗಿತು. ದಾರಿಯಲ್ಲಿ ಎದುರಾದವರೆಲ್ಲ ಸ್ಟೀರಿಂಗಿನ ಮೇಲಿಂದ ಎಂದಿನಂತೆ ಒಂದು ಬೆರಳು ಎತ್ತುವ ಬದಲು ಪೂರ್ತಿ ಅಂಗೈ ಎತ್ತಿ ತೋರಿಸಿದ್ದರು. ಲೊಡಿನಾ ಊರಿನಲ್ಲಿ ಪೂರ್ತಿ ಅಂಗೈ ಎತ್ತುವುದು ಸಾವಿನ ಮನೆಯವರಿಗೆ. ಅದನ್ನು ನೆನೆದು ಅವನಿಗೆ ನಗುವೂ ಬಂತು, ಕೆನ್ನೆಯೂ ಬಿಸಿಯಾಯಿತು. ಕುರ್ಚಿಯನ್ನು ಅರ್ಧ ಅಡಿ ಎಡಕ್ಕೆ ಸರಿಸಿದ, ಮತ್ತೆ ಬಲಕ್ಕೆ ಸರಿಸಿದ.

ಲೊಡಿನಾದ ಶಾಲೆಯನ್ನು ನಡೆಸುವುದು ಆರು ಜನರ ಬೋರ್ಡು. ಪುಟಾಣಿ ತರಗತಿಯಿಂದ ಹನ್ನೆರಡನೆಯವರೆಗೆ ಒಂದೇ ಸೂರು. ತಿಂಗಳಿಗೊಂದು ಸೋಮವಾರ ಆ ಆರು ಜನ ಗ್ರಂಥಾಲಯದಲ್ಲಿ ಎರಡನೆಯ ಕ್ಲಾಸಿನ ಮಕ್ಕಳ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತು, ಬಾಯ್ಲರ್ ಈ ಚಳಿಗಾಲ ದಾಟೀತೇ, ಫುಟ್‌ಬಾಲ್ ತಂಡಕ್ಕೆ ಪಕ್ಕದೂರಿನ ಹುಡುಗರನ್ನು ಸೇರಿಸಿಕೊಂಡರೆ ಅಂಗಿಯ ಬಣ್ಣ ಯಾರದ್ದು, ಅಡುಗೆಯವಳು ಶುಕ್ರವಾರದ ಸೂಪಿಗೆ ಉಪ್ಪು ಕಡಿಮೆ ಹಾಕಲು ಒಪ್ಪುವಳೇ ಎಂದು ತೀರ್ಮಾನಿಸುತ್ತಾರೆ. ಸಂಬಳವಿಲ್ಲ. ಬೈಗುಳ ಮಾತ್ರ ಧಾರಾಳ, ಚರ್ಚಿನ ಮೆಟ್ಟಿಲ ಮೇಲೂ ಸಿಗುತ್ತದೆ, ಗೊಬ್ಬರದ ಅಂಗಡಿಯಲ್ಲೂ ಸಿಗುತ್ತದೆ. ಆದರೂ ಜನ ಬೋರ್ಡಿಗೆ ನಿಲ್ಲುತ್ತಾರೆ. ಯಾಕೆಂದರೆ ಬೋರ್ಡಿನಲ್ಲಿರುವಾಗ ತಮ್ಮ ಮಗುವಿನ ಓದು ಮುಗಿದರೆ, ವೇದಿಕೆಯ ಮೇಲೆ ಆ ಮಗುವಿನ ಕೈಗೆ ಕೆಂಪು ಫೋಲ್ಡರು ಕೊಡುವವರು ತಾವೇ. ಉಳಿದ ಮಕ್ಕಳಿಗೆ ಬೋರ್ಡಿನ ಹೊಸ ಸದಸ್ಯರು ಕೊಡುತ್ತಾರೆ. ಫೋಲ್ಡರಿನೊಳಗೆ ಏನೂ ಇರುವುದಿಲ್ಲ, ಅದು ಬೇರೆ ಮಾತು. ನಿಜವಾದ ಸರ್ಟಿಫಿಕೇಟನ್ನು ಸೋಮವಾರ ಆಫೀಸಿನಿಂದ ಒಯ್ಯಬೇಕು, ಅದೂ ಗ್ರಂಥಾಲಯದ ಪುಸ್ತಕ, ಬೀಗ, ಹೆಲ್ಮೆಟ್ಟು ಎಲ್ಲ ಹಿಂದಿರುಗಿಸಿದ ಮೇಲೆ. ಆ ನಿಯಮ ತಂದವನು ಅಧ್ಯಕ್ಷನಾಗಿದ್ದ ಆರ್ಲೋನೇ. ಫೋಲ್ಡರು ಖಾಲಿ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ಖಾಲಿ ಫೋಲ್ಡರನ್ನು ಮಗಳು ಬ್ರೆನಾಳ ಕೈಗೆ ಕೊಡಬೇಕು ಎಂಬ ಒಂದೇ ಆಸೆಗೆ ಅವನು ಹಂದಿಗಳನ್ನು ನೆರೆಯವರಿಗೆ ಒಪ್ಪಿಸಿ ಸೋಮವಾರಗಳನ್ನೆಲ್ಲ ಆ ಪುಟ್ಟ ಕುರ್ಚಿಯಲ್ಲಿ ಕಳೆದಿದ್ದ. ಮಗ ರಸೆಲ್‌ಗೆ ಏಳು ವರ್ಷದ ಹಿಂದೆ ಕೊಟ್ಟಿದ್ದ. ಆದರೆ ಅವತ್ತು ಏನಾಯಿತೋ, ಎಲ್ಲ ತಂದೆಯರೂ ಮಕ್ಕಳನ್ನು ಅಪ್ಪಿಕೊಂಡರೆ ಇವನು ಮಗನ ಕೈಕುಲುಕಿ "ಅಭಿನಂದನೆಗಳು" ಅಂದುಬಿಟ್ಟಿದ್ದ, ಬ್ಯಾಂಕಿನ ಮ್ಯಾನೇಜರ್ ಅನ್ನುವ ಹಾಗೆ. ರಸೆಲ್ ಅದನ್ನು ಇವತ್ತಿಗೂ ಹಬ್ಬದೂಟದಲ್ಲಿ ಅಣಕಿಸಿ ತೋರಿಸುತ್ತಾನೆ. ಬ್ರೆನಾಳ ಸರದಿಯಲ್ಲಿ ಅದನ್ನು ಸರಿಮಾಡಿಕೊಳ್ಳಬೇಕಿತ್ತು. ಅಪ್ಪಿಕೊಳ್ಳುವುದನ್ನು ಕೊಟ್ಟಿಗೆಯಲ್ಲಿ ಒಬ್ಬನೇ ಅಭ್ಯಾಸ ಮಾಡಿದ್ದ ಎಂದರೆ ಯಾರೂ ನಂಬಲಿಕ್ಕಿಲ್ಲ.

ಆಮೇಲೆ ಆದದ್ದು ಮಕ್ಕಳು ಕೂಡ ಮಾಡದ ತಪ್ಪು. ಬೋರ್ಡಿನಲ್ಲಿ ಈಗಾಗಲೇ ಇರುವವರು ಮತ್ತೆ ನಿಲ್ಲಬೇಕಾದರೆ ಹೊಸಬರಿಗಿಂತ ಎರಡು ವಾರ ಮೊದಲೇ ಜಿಲ್ಲಾ ಕಚೇರಿಗೆ ಹೋಗಿ ಹೆಸರು ಕೊಡಬೇಕು. ಮೂರು ಸಲ ಕೊಟ್ಟಿದ್ದ, ಗೊತ್ತಿಲ್ಲದ್ದೇನಲ್ಲ. ಕೊನೆಯ ದಿನ ಅವನು ಶಾಲೆಯ ಸೂರಿನ ಮೇಲೆ ಡಾಂಬರಿನ ಡಬ್ಬಿ ಹಿಡಿದು ಬೋರಲು ಮಲಗಿದ್ದ. ಈ ವೇದಿಕೆಯಿರುವ ಬಾಸ್ಕೆಟ್‌ಬಾಲ್ ಒಳಾಂಗಣಕ್ಕೆ, ಸರಿಯಾಗಿ ಬುಟ್ಟಿಯ ಕೆಳಗೇ ನೀರು ಸೋರುತ್ತಿತ್ತು. ಬೋರ್ಡಿನ ಅಧ್ಯಕ್ಷನಾದವನು ಅದನ್ನು ನೋಡಿಕೊಂಡು ಸುಮ್ಮನಿರಲು ಆಗುತ್ತದೆಯೇ. ಕೆಳಗಿಳಿದು ಸೀಮೆಎಣ್ಣೆಯಲ್ಲಿ ಕೈ ತೊಳೆಯುವಾಗ ತಟ್ಟನೆ ನೆನಪಾಯಿತು. ಜಿಲ್ಲಾ ಕಚೇರಿ ಬಾಗಿಲು ಹಾಕಿ ಒಂದು ಗಂಟೆಯಾಗಿತ್ತು. ನವೆಂಬರಿನ ಮತಚೀಟಿಯಲ್ಲಿ ಅವನ ಸ್ಥಾನಕ್ಕೆ ಅವನ ಹೆಸರಿಲ್ಲ, ಯಾರ ಹೆಸರೂ ಇಲ್ಲ. ಇವನು ಹೇಗೂ ಇದ್ದಾನೆಂದು ಬೇರೆ ಯಾರೂ ನಿಂತಿರಲಿಲ್ಲ. ಬೇಕಾದವರ ಹೆಸರನ್ನು ಜನ ಕೈಯಾರೆ ಬರೆಯಬೇಕಾಯಿತು. ತನ್ನ ಹೆಸರು ಬರೆಯಿರಿ ಎಂದು ಮನೆಮನೆಗೆ ಹೋಗಿ ಕೇಳಲು ಆರ್ಲೋನ ಬಿಗುಮಾನ ಅಡ್ಡ ಬಂತು. ಜನ ಬರೆದೇ ಬರೆಯುತ್ತಾರೆಂದು ಸುಮ್ಮನಿದ್ದ. ಕೆಲವರು ಬರೆದರು. ನಾಲ್ವರು ಅವನ ನಾಯಿಯ ಹೆಸರು ಬರೆದರು. ಹೆಚ್ಚಿನವರು ಬರೆದದ್ದು ಸಂಗೀತದ ಟೀಚರ್ ವಾವ್ರಾಳ ಹೆಸರನ್ನು. ಅದಕ್ಕೆ ಹಿಂದಿನ ವಸಂತದಲ್ಲಿ ಸಂಗೀತವನ್ನು ವಾರಕ್ಕೆರಡು ದಿನಕ್ಕೆ ಇಳಿಸಬೇಕೆಂದು ನಿರ್ಣಾಯಕ ಮತ ಹಾಕಿದವನು ಆರ್ಲೋ. ಅವತ್ತೇ ವಾವ್ರಾ ಪಿಯಾನೋದ ಮುಚ್ಚಳ ಹಾಕಿ, ರಾಜೀನಾಮೆ ಕೊಟ್ಟು, ಮನೆಗೆ ಹೋಗಿ ಟೊಮೆಟೊ ಸಸಿ ನೆಟ್ಟಿದ್ದಳು.

"ಅಯ್ಯೋ ಆರ್ಲೋ, ನೀವ್ಯಾಕೆ ಬಂದ್ರಿ? ನಾನು ಫೋನ್ ಮಾಡಿ ಹೇಳ್ಬೇಕಿತ್ತು." ಏಣಿಯ ಮೇಲಿಂದ ಸೂಪರಿಂಟೆಂಡೆಂಟ್ ಜನೆಲ್‌ಳ ದನಿ. ಅವಳೇ ಪ್ರಿನ್ಸಿಪಾಲ್, ಅವಳೇ ಬೆಳಗಿನ ಬಸ್ಸಿನ ಡ್ರೈವರ್. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೆಂಪು ಕಾಗದದ ಮಾಲೆ ಕಟ್ಟುತ್ತಿದ್ದಳು.

"ಕುರ್ಚಿಗಳು ತಾವಾಗೇ ಮೆಟ್ಲು ಹತ್ತಲ್ವಲ್ಲ," ಅಂದ ಆರ್ಲೋ.

"ಹಾಗಲ್ಲ. ನಿಮಗೆ ಬೇಜಾರಾಗುತ್ತೇನೋ ಅಂತ."

"ಬೇಜಾರು ಯಾಕೆ? ಕಾಲು ಚಾಚ್ಕೊಂಡು ಕೂರೋ ಯೋಗ ಬಂದಿದೆ ನಂಗೆ." ಅವನು ನಕ್ಕ. ನಗು ಖಾಲಿ ಒಳಾಂಗಣದ ಆಚೆ ಗೋಡೆಗೆ ಬಡಿದು ಹಿಂದೆ ಬಂತು. ಇಷ್ಟು ದೊಡ್ಡದಾಗಿ ನಗಬಾರದಿತ್ತು ಅನ್ನಿಸಿತು. ಜನೆಲ್ ಗುಂಡುಸೂಜಿ ಚುಚ್ಚುವುದರಲ್ಲಿ ವಿಪರೀತ ಮಗ್ನಳಾದಂತೆ ನಟಿಸಿದಳು, ಪಾಪ. ಅವಳನ್ನು ಕೆಲಸಕ್ಕೆ ತೆಗೆದುಕೊಂಡ ಸಂದರ್ಶನದಲ್ಲಿ ಅವನು ಕೇಳಿದ್ದು ಒಂದೇ ಪ್ರಶ್ನೆ: ಹಿಮ ಬಿದ್ದ ಮಣ್ಣುರಸ್ತೆಯಲ್ಲಿ ಬಸ್ಸು ಓಡಿಸ್ತೀರಾ? ಅವಳಿಗೆ ಅದು ನೆನಪಿರಬಹುದೇ, ಅದಕ್ಕೇ ಹೀಗೆ ಕನಿಕರ ತೋರಿಸುತ್ತಿದ್ದಾಳೇ ಎಂದು ಯೋಚಿಸುತ್ತ ಅವನು ಕೆಳಗಿನ ಸಾಲುಗಳನ್ನು ಎಣಿಸಿದ. ಕುರ್ಚಿ ಸಾಲುವುದಿಲ್ಲ. ಪ್ರತಿ ವರ್ಷವೂ ಸಾಲುವುದಿಲ್ಲ, ಪ್ರತಿ ವರ್ಷವೂ ಚರ್ಚಿನ ಸಭಾಂಗಣದಿಂದ ತರಬೇಕು, ಸಭಾಂಗಣದ ಕೀಲಿ ಎಲ್ಡನ್ ಸೆಡ್ಲಾಚೆಕ್‌ನ ಬಳಿ ಇರುತ್ತದೆ. ಎಲ್ಡನ್‌ನ ಹೆಸರು ಮನಸ್ಸಿಗೆ ಬಂದದ್ದೇ ಅವನು ಸಾಲುಗಳನ್ನು ಇನ್ನೊಮ್ಮೆ ಎಣಿಸಿದ. ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ಆದರೆ ಯಾರನ್ನಾದರೂ ಕಳಿಸುವ ಅಧಿಕಾರ ಈಗ ಅವನಿಗಿಲ್ಲ.

ಬಾಗಿಲ ಹತ್ತಿರ ಪಿಯಾನೋದಲ್ಲಿ ಒಂದೇ ಸ್ವರವನ್ನು ಯಾರೋ ಕುಟ್ಟಿ ಕುಟ್ಟಿ ನೋಡುತ್ತಿದ್ದರು. ಯಾರೋ ಏನು, ವಾವ್ರಾಳೇ. ಸೋಮವಾರ ಮತ್ತು ಗುರುವಾರ ಬರುವ ಹೊಸ ಸಂಗೀತದವಳು ಶನಿವಾರ ಬರುವುದಿಲ್ಲ. ಹೀಗಾಗಿ ಬೋರ್ಡಿನ ಹೊಸ ಸದಸ್ಯೆಯೇ ಮೊದಲು ಮೆರವಣಿಗೆಯ ಸಂಗೀತ ನುಡಿಸಿ, ಆಮೇಲೆ ಓಡಿಹೋಗಿ ವೇದಿಕೆಯಲ್ಲಿ ಕೂರಬೇಕು. ಇದೂ ಅವನ ಮತದ ಪ್ರಸಾದ. ಅವನು ಗೋಡೆ ಬದಿಯಿಂದ ನುಸುಳಿ ಹೋಗಲು ನೋಡಿದ.

"ನಿಲ್ಲೋ ಅಲ್ಲಿ," ಅಂದಳು ತಿರುಗದೆ. ಅವನು ಐದನೆಯ ಕ್ಲಾಸಿನಲ್ಲಿದ್ದಾಗ ಅವಳು ಈ ಶಾಲೆಗೆ ಹೊಸ ಟೀಚರಾಗಿ ಬಂದವಳು. ಅವಳ ಪಾಲಿಗೆ ಅವನಿನ್ನೂ ಅದೇ ಕ್ಲಾಸಿನಲ್ಲಿದ್ದ. "ಏಳನೇ ಕ್ಲಾಸಲ್ಲಿ ಟ್ರಂಬೋನ್ ತಪ್ಪು ಊದಿದಾಗ್ಲೂ ಹೀಗೇ ಗೋಡೆ ಹಿಡ್ಕೊಂಡು ಜಾರ್ಕೊಳ್ತಿದ್ದೆ ನೀನು."

"ಕುರ್ಚಿ ತರಕ್ಕೆ ಹೊರಟಿದ್ದೆ ಟೀಚರ್."

"ಕುರ್ಚಿ ಎಲ್ಲೂ ಓಡಿಹೋಗಲ್ಲ. ಇಲ್ಲಿ ಕೇಳು. ಇವತ್ತು ಬ್ರೆನಾಗೆ ಫೋಲ್ಡರ್ ಕೊಡೋದು ನಾನು. ನಂಗದು ಇಷ್ಟಾನೇ, ಸುಳ್ಳು ಯಾಕೆ ಹೇಳ್ಲಿ. ನಿನ್ನ ಮಗಳು ಕ್ಲಾರಿನೆಟ್ ಊದಿದ್ರೆ ಕೇಳೋ ಹಾಗಿರುತ್ತೆ, ನಿನ್ನ ಹಾಗಲ್ಲ. ಆದ್ರೆ ಅವಳ ಹೆಸ್ರು ಕರೆದಾಗ ನಾನು ನಿನ್ನ ಕಡೆ ನೋಡ್ತೀನಿ. ನೀನು ಎದ್ದು ಬಂದ್ರೆ ನಿನ್ನ ಕೈಗೆ ಕೊಟ್ಟು ಪಕ್ಕಕ್ಕೆ ನಿಲ್ತೀನಿ. ಬರ್ಲಿಲ್ಲ ಅಂದ್ರೆ ನಾನೇ ಕೊಡ್ತೀನಿ. ಈಗ್ಲೇ ಏನೂ ಹೇಳ್ಬೇಡ."

"ಬೋರ್ಡಿನವರು..."

"ಬೋರ್ಡಿನವರನ್ನ ನಾನು ನೋಡ್ಕೋತೀನಿ. ಅವರಲ್ಲಿ ಮೂರು ಜನಕ್ಕೆ ತಾಳ ಕಲಿಸಿದವಳು ನಾನು."

"ಸಂಗೀತದ ವಿಷಯದಲ್ಲಿ ನಾನು ಅವತ್ತು ಮತ ಹಾಕಿದ್ದು..."

"ಅದಕ್ಕೆ ನಿನ್ನನ್ನ ಕ್ಷಮಿಸಿಲ್ಲ," ಅಂದಳು ವಾವ್ರಾ ಹಗುರವಾಗಿ, ಅದೇ ಸ್ವರವನ್ನು ಇನ್ನೊಮ್ಮೆ ಕುಟ್ಟಿ. "ಅದು ಬೇರೆ, ಇದು ಬೇರೆ. ಹೋಗು, ಕುರ್ಚಿ ತಗೊಂಡು ಬಾ."

ಟ್ರಕ್ಕಿನಲ್ಲಿ ಕೂತು ಅವನು ಕೀಲಿ ತಿರುಗಿಸಿದ. ಸಂತೋಷವಾಗಬೇಕಿತ್ತು, ಆಗಿಯೂ ಇತ್ತು, ಎದೆ ಹುಡುಗರ ಹಾಗೆ ಹಾರುತ್ತಿತ್ತು. ಎದ್ದು ನಡೆದರಾಯಿತು, ಆರು ಮೆಟ್ಟಿಲು ಹತ್ತಿದರಾಯಿತು. ಊರವರು ಚಪ್ಪಾಳೆ ಹೊಡೆದರೂ ಹೊಡೆದಾರು. ಆದರೆ ಆ ಊರವರ ನಡುವೆ ಎಲ್ಡನ್ ಇರುತ್ತಾನೆ. ಹೋದ ವರ್ಷ ಏಪ್ರಿಲ್ ಸಭೆಯಲ್ಲಿ ಎಲ್ಡನ್ ತನ್ನ ಹಳೆಯ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ಸಾರ್ವಜನಿಕರು ಮಾತಾಡುವ ಸಮಯದಲ್ಲಿ ಎದ್ದು ನಿಂತಿದ್ದ. ಇಪ್ಪತ್ತು ವರ್ಷ ಬೋರ್ಡಿನಲ್ಲಿದ್ದು ಎದೆಯ ಆಪರೇಷನ್ನಿಗಾಗಿ ಬಿಟ್ಟವನು. ತಾನೇ ಸಾಕಿದ ಮೊಮ್ಮಗ ಮೇ ತಿಂಗಳಲ್ಲಿ ಓದು ಮುಗಿಸುತ್ತಾನೆ, ಫೋಲ್ಡರು ತಾನು ಕೊಡಬಹುದೇ ಎಂದು ಕೇಳಿದ. ಅಷ್ಟೇ ಕೇಳಿದ್ದು. ಅಧ್ಯಕ್ಷನ ಕುರ್ಚಿಯಿಂದ ಆರ್ಲೋ ಹೇಳಿದ್ದ: "ಮಾಜಿ ಅಂದ್ರೆ ಮಾಜಿನೇ ಎಲ್ಡನ್. ಇವತ್ತು ನಿಮಗೆ ಬಾಗ್ಲು ತೆಗೆದ್ರೆ ನಾಳೆ ಊರಿನ ಅಜ್ಜಂದಿರೆಲ್ಲ ವೇದಿಕೆ ಮೇಲಿರ್ತಾರೆ, ಕೆಳಗೆ ಕೂರಕ್ಕೆ ಯಾರೂ ಸಿಗಲ್ಲ." ಎಲ್ಲರೂ ಘೊಳ್ಳೆಂದು ನಕ್ಕರು. ಎಲ್ಡನ್ ಕೂಡ ನಕ್ಕು, ಸರಿಯಪ್ಪಾ ಎಂದು ಕೂತ. ಬೇಡ ಅಂದದ್ದು ಈಗ ಆರ್ಲೋನನ್ನು ಅಷ್ಟಾಗಿ ಕಾಡುತ್ತಿರಲಿಲ್ಲ. ನಿಯಮ ನಿಯಮವೇ. ಕಾಡುತ್ತಿದ್ದದ್ದು ಆ ನಗು. ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಆ ಮಾತನ್ನು ತಾನೇ ಇನ್ನೊಮ್ಮೆ ಹೇಳಿಕೊಂಡು ಖುಷಿಪಟ್ಟಿದ್ದ. ಎಷ್ಟು ಚೆನ್ನಾಗಿ ಹೇಳಿದೆ ಎಂದು ಹೆಂಡತಿಗೂ ಹೇಳಿದ್ದ. ಅವಳು ಪಾತ್ರೆ ತೊಳೆಯುತ್ತಿದ್ದವಳು ನಗಲಿಲ್ಲ.

"ಬಾರಪ್ಪಾ ಮಾಜಿ!" ಎಲ್ಡನ್ ಸಭಾಂಗಣದ ಮೆಟ್ಟಿಲ ಮೇಲೆ ಕೀಲಿ ಹಿಡಿದು ಕಾಯುತ್ತಲೇ ಇದ್ದ. ಆರ್ಲೋನನ್ನು ನೋಡಿ ಅವನ ಮುಖ ಇಷ್ಟಗಲವಾಯಿತು. "ಈ ವರ್ಷ ಯಾರು ಬರ್ತಾರೋ ಅಂತ ನೋಡ್ತಿದ್ದೆ. ನೀನೇ ಬಂದೆಯಾ? ಒಳ್ಳೇದಾಯ್ತು. ಇಬ್ರು ಮಾಜಿಗಳು ಸೇರಿ ಕುರ್ಚಿ ಹೊರೋಣ. ನಮಗೆ ಕೂರಕ್ಕಂತೂ ಕೊಡಲ್ಲ, ಹೊರಕ್ಕಾದ್ರೂ ಕೊಟ್ಟಿದಾರೆ."

"ನೀವು ಹೊರಬಾರ್ದು ಎಲ್ಡನ್. ಡಾಕ್ಟ್ರು ಏನು ಹೇಳಿದಾರೆ?"

"ಡಾಕ್ಟ್ರು ಹೇಳೋದೆಲ್ಲ ಕೇಳಿದ್ರೆ ನಾನು ಹೋದ ವರ್ಷವೇ ಸತ್ತಿರ್ತಿದ್ದೆ, ಬೇಜಾರಿಗೆ. ಎರಡೆರಡು ಕೊಡು, ಸಾಕು."

ಅವರು ಹೊತ್ತರು. ಎಲ್ಡನ್ ಒಂದು ಸಲಕ್ಕೆ ಎರಡು, ಆರ್ಲೋ ನಾಲ್ಕು. ಒಳಗೆ ಹಳೆಯ ಕಾಫಿಯ, ಮೇಣದ ವಾಸನೆ. ಮುದುಕ ಗೊಬ್ಬರದ ಬೆಲೆಯಿಂದ ಪಾದ್ರಿಯ ಹೊಸ ಕಾರಿನವರೆಗೆ ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದ. ಆರ್ಲೋ ಹ್ಞೂಂ ಹ್ಞೂಂ ಎನ್ನುತ್ತ, ಈಗ ಕೇಳಲೇ, ಇನ್ನೆರಡು ಕುರ್ಚಿ ಹೊತ್ತ ಮೇಲೆ ಕೇಳಲೇ ಎಂದು ಲೆಕ್ಕ ಹಾಕುತ್ತಿದ್ದ. ಕೇಳುವುದಾದರೂ ಏನು? ನಿಮಗೆ ಬೇಡ ಅಂದದ್ದನ್ನು ನಾನು ಮಾಡಿದರೆ ಪರವಾಗಿಲ್ಲವೇ ಎಂದೇ? ಬಾಯಿ ತೆರೆದ. "ಎಲ್ಡನ್, ಇವತ್ತು ಮಧ್ಯಾಹ್ನ..." ಅಂದ.

"ವಾವ್ರಾ ಫೋನ್ ಮಾಡಿದ್ಲು," ಅಂದ ಎಲ್ಡನ್, ಕುರ್ಚಿಯನ್ನು ಟ್ರಕ್ಕಿಗೆ ಒರಗಿಸಿ ಉಸಿರು ಹಿಡಿದುಕೊಳ್ಳುತ್ತ. "ನಂಗೆ ಹೇಳದೆ ಆ ಹೆಂಗಸು ಏನೂ ಮಾಡಲ್ಲ. ಹೋಗಿ ಕೊಡು. ಒಬ್ಳೇ ಮಗಳು."

"ನಿಮಗೆ..."

"ನಂಗೇನಪ್ಪಾ? ನಮ್ಮ ಹುಡುಗ ಓದು ಮುಗಿಸಿ ಒಂದು ವರ್ಷ ಆಯ್ತು, ವೆಲ್ಡಿಂಗ್ ಮಾಡ್ತಿದಾನೆ. ಆ ಫೋಲ್ಡರ್ ಎಲ್ಲಿದೆ ಅಂತ ಅವನಿಗೇ ಗೊತ್ತಿಲ್ಲ." ಅವನು ಟೋಪಿ ತೆಗೆದು ಹಣೆ ಒರೆಸಿಕೊಂಡು ಮತ್ತೆ ಹಾಕಿಕೊಂಡ. "ನಾನು ಬರ್ತೀನಿ. ಹಿಂದಿನ ಮೆಟ್ಲುಸಾಲಿನ ಮೇಲಿನ ಬೆಂಚಲ್ಲಿ ಕೂರ್ತೀನಿ, ಹೋದ್ವರ್ಷದ ಥರಾನೇ. ಅಲ್ಲಿಂದ ಬಾಗ್ಲು ಹತ್ತಿರ. ಬೇಕಂದಾಗ ಎದ್ದು ಹೋಗ್ಬಹುದು."

ಅದನ್ನು ಅವನು ಮಾಮೂಲಿಯಾಗಿಯೇ ಹೇಳಿದ್ದ. ಕುಹಕವಿರಲಿಲ್ಲ, ಎಲ್ಡನ್‌ಗೆ ಕುಹಕ ಬರುವುದಿಲ್ಲ. ಆದರೆ ಹೋದ ವರ್ಷ ಮೊಮ್ಮಗನ ಹೆಸರು ಕರೆದಾಗ ಎಲ್ಡನ್ ಎಲ್ಲಿ ಕೂತಿದ್ದ ಎಂಬುದನ್ನು ಆರ್ಲೋ ನೋಡಿರಲೇ ಇಲ್ಲ. ವೇದಿಕೆಯಿಂದ ಮೇಲಿನ ಬೆಂಚು ಕಾಣುತ್ತದೆ, ತಲೆ ಎತ್ತಿದರೆ ಸಾಕು. ಅವನು ತಲೆ ಎತ್ತಿರಲಿಲ್ಲ. ಆ ಹುಡುಗನಿಗೆ ಫೋಲ್ಡರು ಕೊಟ್ಟವರು ಯಾರು? ನೆನಪಿಗೆ ಬರಲಿಲ್ಲ. ಎದ್ದು ಹೋಗಿದ್ದನೇ ಮುದುಕ ಅವತ್ತು, ಮಧ್ಯದಲ್ಲಿ?

ಮನೆಯಲ್ಲಿ ಅಡುಗೆಮನೆಯ ಮೇಜಿನ ತುಂಬ ಹಂದಿಮಾಂಸ ಇಟ್ಟ ಬನ್ನುಗಳು, ಒಣ ಪ್ಲಮ್ ಮತ್ತು ಗಸಗಸೆ ತುಂಬಿದ ಕೊಲಾಚಿ ಎಂಬ ಸಿಹಿ ಬನ್ನುಗಳು. ಹೆಂಡತಿ ಮಾರ್ಲಿಸ್ ಎಲ್ಲದರ ಮೇಲೂ ಒದ್ದೆ ಬಟ್ಟೆ ಹೊದಿಸುತ್ತಿದ್ದಳು. ಸಂಜೆ ಊರೆಲ್ಲ ಬಂದು ತಿಂದುಹೋಗಬೇಕು. ಅವನು ಒಂದು ಕೊಲಾಚಿಗೆ ಕೈ ಹಾಕಿದ, ಅವಳು ನೋಡದೆಯೇ ಕೈಗೆ ಏಟು ಕೊಟ್ಟಳು. ಬ್ರೆನಾ ಕೂದಲಿಗೆ ಸುರುಳಿ ಸುತ್ತಿಕೊಂಡು, ಕೆಂಪು ನಿಲುವಂಗಿಯನ್ನು ಇಸ್ತ್ರಿ ಮಣೆಯ ಮೇಲೆ ಹರಡಿ ನಿಂತಿದ್ದಳು.

"ಅಪ್ಪಾ, ಇವತ್ತು ನೀನು ಎಲ್ಲಿ ಕೂರ್ತೀಯ?"

ಅವನು ತಬ್ಬಿಬ್ಬಾದ. ಅವಳಿಗೂ ಗೊತ್ತಿದೆಯೇ? ವಾವ್ರಾ ಇವಳಿಗೂ ಹೇಳಿದ್ದಾಳೆಯೇ? "ಎಲ್ಲಿ ಅಂದ್ರೆ? ಕೆಳಗೆ. ಅಮ್ಮನ ಪಕ್ಕ."

"ಹಾಗಾದ್ರೆ ಸರಿ. ರಸೆಲ್ ಫೋಟೋದಲ್ಲಿ ಅಮ್ಮನ ಪಕ್ಕ ಒಂದು ಖಾಲಿ ಕುರ್ಚಿ ಇದೆ ನೋಡು, ಅದರ ಮೇಲೆ ಅಮ್ಮನ ಬ್ಯಾಗು. ಹೂ ಕೊಡಕ್ಕೆ ಬಂದ್ರೆ ಬ್ಯಾಗಿಗೇ ಕೊಡ್ಬೇಕಾಗಿತ್ತು ಅಂತ ಅವನು ತಮಾಷೆ ಮಾಡ್ತಿರ್ತಾನೆ."

ಫೋಲ್ಡರು ಪಡೆದ ಮಕ್ಕಳು ಕೆಳಗಿಳಿದು ಬಂದು ತಂದೆತಾಯಿಗೆ ಒಂದೊಂದು ಗುಲಾಬಿ ಕೊಡುತ್ತಾರೆ. ಬೋರ್ಡಿನವರು ಆ ಹೊತ್ತಿನಲ್ಲಿ ವೇದಿಕೆಯಲ್ಲೇ ಕೈಕಟ್ಟಿ ಕೂತಿರುತ್ತಾರೆ. ಹನ್ನೆರಡು ವರ್ಷ ಅವನು ನೋಡಿದ್ದು ಇಳಿದು ಹೋಗುವ ನಿಲುವಂಗಿಗಳ ಬೆನ್ನನ್ನು.

"ನಾನು ಕೊಡ್ತಿಲ್ಲ ಅಂತ ನಿಂಗೆ ಬೇಜಾರಾ ಪುಟ್ಟಿ?" ದನಿ ತನ್ನದಲ್ಲವೆನ್ನುವಷ್ಟು ಸಣ್ಣಗೆ ಬಂತು.

"ಯಾರು ಕೊಟ್ರೂ ಒಳಗೇನೂ ಇರಲ್ವಲ್ಲಪ್ಪಾ," ಅಂದಳು ಬ್ರೆನಾ. ಇಸ್ತ್ರಿಪೆಟ್ಟಿಗೆ ಬುಸ್ಸೆಂದಿತು. "ನೀನೇ ಮಾಡಿದ ರೂಲ್ಸು."

ಮಾರ್ಲಿಸ್ ಒದ್ದೆ ಬಟ್ಟೆಯೊಳಗೆ ಮುಖ ತಿರುಗಿಸಿ ನಕ್ಕಳು. ಅವನಿಗೆ ಸಿಟ್ಟೇ ಬಂತು. ತಾನು ಹನ್ನೆರಡು ವರ್ಷ ಹೊತ್ತ ಆಸೆಯನ್ನು ಇವರಿಬ್ಬರೂ ಒಂದು ಚಮಚೆ ಎತ್ತಿದಷ್ಟು ಸುಲಭವಾಗಿ ಎತ್ತಿ ಪಕ್ಕಕ್ಕಿಟ್ಟುಬಿಟ್ಟರಲ್ಲ. ಹೆಂಡತಿ ಹತ್ತಿರ ಬಂದು ಅವನ ಟೈ ಸರಿಮಾಡುತ್ತ ಮೆಲ್ಲಗೆ, "ವಾವ್ರಾ ಹೇಳಿದ್ಲು ನಂಗೆ. ಏನ್ ಮಾಡ್ತೀಯ?" ಅಂದಳು. ಅಂದರೆ ಮಗಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಹೇಳಿದ್ದಾಳೆ ಆ ಪುಣ್ಯಾತ್ಗಿತ್ತಿ. ಗೊತ್ತಿಲ್ಲ ಅಂದ. ನಿಜವಾಗಿಯೂ ಗೊತ್ತಿರಲಿಲ್ಲ. ಸ್ನಾನದ ಮನೆಯ ಕನ್ನಡಿಯ ಮುಂದೆ ನಿಂತು ಎದ್ದು ಹೋಗುತ್ತೇನೆ ಅಂದುಕೊಂಡ, ಶೂಸಿನ ಲೇಸು ಕಟ್ಟುವಾಗ ಹೋಗುವುದಿಲ್ಲ ಅಂದುಕೊಂಡ, ಟ್ರಕ್ಕಿನಲ್ಲಿ ಮತ್ತೆ ಹೋಗುತ್ತೇನೆ ಅಂದುಕೊಂಡ.

ಎರಡು ಗಂಟೆಗೆ ಒಳಾಂಗಣ ತುಂಬಿತ್ತು. ಓದು ಮುಗಿಸಿದವರು ಒಂಬತ್ತು ಮಕ್ಕಳು, ನೋಡಲು ಬಂದವರು ಊರಿಗೆ ಊರೇ. ಆರ್ಲೋ ಒಳಗೆ ಬಂದವನು ಅಭ್ಯಾಸಬಲದಿಂದ ವೇದಿಕೆಯ ಮೆಟ್ಟಿಲವರೆಗೂ ನಡೆದುಬಿಟ್ಟ. ಮಾರ್ಲಿಸ್ ಕೋಟಿನ ತುದಿ ಹಿಡಿದು ಎಳೆದಳು. ಯಾರೋ ಕಿಸಕ್ಕೆಂದರು. ತಾನೇ ಬೆಳಿಗ್ಗೆ ಹಾಕಿದ ಕುರ್ಚಿಯೊಂದರಲ್ಲಿ ಕೂತ. ಚರ್ಚಿನ ಆ ಕುರ್ಚಿಯ ಒಂದು ಕಾಲು ಗಿಡ್ಡ ಎಂದು ಕೂತ ಮೇಲೆ ತಿಳಿಯಿತು. ಇಲ್ಲಿಂದ ವೇದಿಕೆ ಎಷ್ಟು ಎತ್ತರ ಕಾಣುತ್ತದೆ! ಅಲ್ಲಿ ಕೂತವರ ಶೂಸಿನ ಅಟ್ಟೆಯೇ ಮೊದಲು ಕಣ್ಣಿಗೆ ಬೀಳುವುದು. ಇಷ್ಟು ವರ್ಷ ತನ್ನ ಅಟ್ಟೆಗೆ ಅಂಟಿದ ಹಂದಿದೊಡ್ಡಿಯ ಕೆಸರನ್ನು ಊರೆಲ್ಲ ನೋಡಿರಬೇಕು. ವಾವ್ರಾ ಮೆರವಣಿಗೆಯ ಸಂಗೀತ ಬಾರಿಸಿದಳು, ಮಕ್ಕಳು ಬಂದರು, ಸಂಗೀತ ಮುಗಿದದ್ದೇ ಅವಳು ಸ್ಕರ್ಟು ಎತ್ತಿಹಿಡಿದು ದುಡುದುಡು ಓಡಿ ಆರನೆಯ ಕುರ್ಚಿ ಸೇರಿದಳು. ಜನ ಚಪ್ಪಾಳೆ ಹೊಡೆದರು. ಅವಳು ತಲೆಬಾಗಿ ಸ್ವೀಕರಿಸಿದಳು.

ಹೆಸರುಗಳು ಶುರುವಾದವು. ನೊವೊಟ್ನಿ ಆರನೆಯದು. ಅವನು ಹಿಂದಕ್ಕೆ ತಿರುಗಿ ನೋಡಬಾರದೆಂದುಕೊಂಡು ತಿರುಗಿದ. ಎಲ್ಡನ್ ಮೇಲಿನ ಬೆಂಚಿನ ತುದಿಯಲ್ಲಿ, ಟೋಪಿ ಹಾಕಿಕೊಂಡು, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ. ಆರ್ಲೋನನ್ನು ನೋಡಿ ಮೊಣಕಾಲಿನಿಂದ ಒಂದು ಬೆರಳು ಎತ್ತಿದ. ಒಂದೇ ಬೆರಳು, ರಸ್ತೆಯಲ್ಲಿ ಎತ್ತುವ ಹಾಗೆ. ಇವತ್ತು ಇಡೀ ಊರಿನಲ್ಲಿ ಅವನಿಗೆ ಅಂಗೈ ತೋರಿಸದವನು ಎಲ್ಡನ್ ಒಬ್ಬನೇ.

"ಬ್ರೆನಾ ಮೇ ನೊವೊಟ್ನಿ," ಎಂದಳು ಜನೆಲ್ ಮೈಕಿನಲ್ಲಿ.

ವಾವ್ರಾ ಎದ್ದಳು. ಫೋಲ್ಡರನ್ನು ಎದೆಗೆ ಹಿಡಿದುಕೊಂಡು, ಹತ್ತಿ ಬರುತ್ತಿದ್ದ ಬ್ರೆನಾಳನ್ನು ಬಿಟ್ಟು ನೇರ ಅವನ ಕಡೆ ನೋಡಿದಳು. ಸದ್ದು ನಿಂತಿತು. ತಲೆಗಳು ಒಂದೊಂದಾಗಿ ತಿರುಗಿದವು. ಆರ್ಲೋ ಅರ್ಧ ಎದ್ದಿದ್ದ. ಎದ್ದದ್ದು ಅವನಿಗೆ ಗೊತ್ತಾಗಿರಲಿಲ್ಲ, ಗಿಡ್ಡ ಕಾಲಿನ ಕುರ್ಚಿ ಟಕ್ಕೆಂದು ವಾಲಿದಾಗ ಗೊತ್ತಾಯಿತು. ಹೋಗಬಹುದು, ಆರೇ ಮೆಟ್ಟಿಲು. ಎಲ್ಡನ್ ಕೋಪಿಸಿಕೊಳ್ಳುವುದಿಲ್ಲ, ಚಪ್ಪಾಳೆಯನ್ನೂ ಹೊಡೆಯುತ್ತಾನೆ, ಆಮೇಲೆ ಬಾಗಿಲು ಹತ್ತಿರವಿದೆಯಲ್ಲ. ಆ ಬಾಗಿಲು ಮೆಲ್ಲಗೆ ತೆರೆದು ಮೆಲ್ಲಗೆ ಮುಚ್ಚುವ ಸದ್ದು ಅವನಿಗೆ ಆಗಲೇ ಕೇಳಿಸಿತು. ಮಗಳನ್ನು ಅಪ್ಪಿಕೊಂಡು ನಿಂತಾಗ ಅವನ ಕಿವಿ ಹುಡುಕುವುದು ಆ ಸದ್ದನ್ನೇ. ಅವನು ಕೂತ. ತಲೆಯಾಡಿಸಿದ. ದೊಡ್ಡತನ ಅಂತ ಅವನಿಗೇನೂ ಅನ್ನಿಸಲಿಲ್ಲ. ಹೊಟ್ಟೆ ಉರಿಯಿತು, ಅಳು ಬಂತು, ಮಾರ್ಲಿಸ್‌ಳ ಕೈ ಎಲ್ಲಿದೆ ಎಂದು ತಡಕಾಡಿದ. ವಾವ್ರಾ ಒಂದು ಕ್ಷಣ ನೋಡುತ್ತಲೇ ಇದ್ದಳು, ಐದನೆಯ ಕ್ಲಾಸಿನ ಹುಡುಗನ ತಾಳ ಅಪರೂಪಕ್ಕೆ ಸರಿಬಂದಾಗ ನೋಡುವ ಹಾಗೆ. ಆಮೇಲೆ ತಿರುಗಿ ಫೋಲ್ಡರನ್ನು ಬ್ರೆನಾಳಿಗೆ ಕೊಟ್ಟು ಅವಳ ಎರಡೂ ಕೆನ್ನೆ ಹಿಂಡಿದಳು.

ಉಳಿದ ಮೂರು ಹೆಸರುಗಳು ಯಾರವೋ, ಅವನಿಗೆ ಕೇಳಿಸಲಿಲ್ಲ. ಆಮೇಲೆ ಮಕ್ಕಳು ಬುಟ್ಟಿಯಿಂದ ಗುಲಾಬಿ ತೆಗೆದುಕೊಂಡು ವೇದಿಕೆ ಇಳಿಯತೊಡಗಿದರು. ಮೇಲೆ ಗಟ್ಟಿಯಾಗಿ ಬಿಗಿದಿದ್ದ ಅವರ ಮುಖಗಳು ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಪೂರಾ ಬಿಚ್ಚಿಕೊಳ್ಳುತ್ತಿದ್ದವು, ತಮ್ಮವರನ್ನು ಹುಡುಕುವಾಗ ತುಟಿ ನಡುಗುತ್ತಿತ್ತು, ಕಂಡೊಡನೆ ಮಕ್ಕಳ ಮುಖವಾಗಿಬಿಡುತ್ತಿತ್ತು. ಇದು ಹನ್ನೆರಡು ವರ್ಷ ತನ್ನ ಕಣ್ಣಮುಂದೆಯೇ, ಬೆನ್ನಿನ ಆಚೆ, ನಡೆಯುತ್ತಿತ್ತೇ? ಮಾರ್ಲಿಸ್‌ಳ ಕಡೆ ತಿರುಗಿ, "ಯಾವಾಗ್ಲೂ ಹೀಗೇನಾ?" ಅಂದ. "ಯಾವಾಗ್ಲೂ," ಅಂದಳು ಅವಳು. ಬ್ರೆನಾ ಬರುತ್ತಿದ್ದಳು. ಟೋಪಿ ಓರೆಯಾಗಿತ್ತು, ಕಷ್ಟಪಟ್ಟು ಮಾಡಿದ ಸುರುಳಿಗಳೆಲ್ಲ ಬಿಚ್ಚಿಹೋಗಿದ್ದವು, ಒಂದು ಕೈಯಲ್ಲಿ ಎರಡು ಗುಲಾಬಿ, ಇನ್ನೊಂದರಲ್ಲಿ ಫೋಲ್ಡರು. ಹೂವಿನ ಮುಳ್ಳು ಬೆರಳಿಗೆ ಚುಚ್ಚಿ "ಅಮ್ಮಾ" ಎಂದು ಮೂಗು ಸುಕ್ಕಿಸಿದಳು.

"ಇದನ್ನ ಸ್ವಲ್ಪ ಹಿಡ್ಕೋ ಅಪ್ಪಾ," ಅಂದಳು, ಫೋಲ್ಡರನ್ನು ಅವನ ಎರಡೂ ಕೈಗಳೊಳಗೆ ತುರುಕಿ. "ಎಷ್ಟೂಂತ ಹಿಡ್ಕೊಳ್ಲಿ ನಾನು?"

ಅವನು ಹಿಡಿದುಕೊಂಡ. ಕೊಟ್ಟಿಗೆಯಲ್ಲಿ ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಗಿತ್ತು, ಮಗಳೇ ಬಂದು ಅವನ ಮೇಲೆ ಬಿದ್ದಳು, ನಡುವೆ ಫೋಲ್ಡರು ಸಿಕ್ಕಿ ಅದರ ಮೂಲೆ ಅವನ ಪಕ್ಕೆಗೆ ಒತ್ತಿತು. ಹಿಂದಿನಿಂದ, ಮೇಲಿನ ಬೆಂಚಿನಿಂದ, ಮುದಿ ಕೈಗಳ ಒಣ ಚಪ್ಪಾಳೆ ಒಂಟಿಯಾಗಿ ಶುರುವಾಯಿತು, ಆಮೇಲೆ ಉಳಿದವರದ್ದು. ಬ್ರೆನಾ ಗೆಳತಿಯರ ಕಡೆ ಓಡಿದ ಮೇಲೂ ಅವನು ಫೋಲ್ಡರನ್ನು ಬಿಡಲಿಲ್ಲ. ಫೋಟೋ ತೆಗೆಯುವಾಗ ಬಿಡಲಿಲ್ಲ, ಎಲ್ಡನ್ ಕೆಳಗಿಳಿದು ಬಂದು "ನಡಿಯೋ ಮಾಜಿ, ಕುರ್ಚಿ ವಾಪಸ್ ಸಾಗ್ಸೋಣ" ಅಂದಾಗಲೂ ಕಂಕುಳಲ್ಲಿ ಇರುಕಿಕೊಂಡೇ ಹೊರಟ. ಕುರ್ಚಿಗಳನ್ನು ಒಂದೊಂದೇ ಮಡಚಿ ಹೊತ್ತ.

"ಕೆಳಗಿಡೋ ಅದನ್ನ," ಅಂದ ಎಲ್ಡನ್, ಎರಡು ಕುರ್ಚಿ ಎಳೆಯುತ್ತ. "ಒಳಗೇನಿದೆ ಅಂತ ಹಾಗೆ ಅಪ್ಪಿಕೊಂಡಿದೀಯ?"

"ಏನೂ ಇಲ್ಲ," ಅಂದ ಆರ್ಲೋ. ಹೇಳಿ ಇನ್ನಷ್ಟು ಒತ್ತಿಕೊಂಡ.